ಸಮಾಧಾನದ ಊರು: ಸುಮಾತ್ರದ ಮಿಶನರಿ ಲೂದ್ವಿಗ್ ನೊಮ್ಮೆನ್ಸನ್‌ರವರ ಚರಿತ್ರೆ

ಸುಮಾತ್ರವು ಹಿಂದೂ ಮಹಾಸಾಗರದ ಪೂರ್ವದಲ್ಲಿ ಉದ್ದವಾಗಿ ಚಾಚಿಕೊಂಡಿರುವ ಒಂದು ದೊಡ್ಡ ದ್ವೀಪವು. ಈಗ ಅದು ಇಂಡೊನೇಸಿಯ ದೇಶಕ್ಕೆ ಸೇರಿದೆ. ನಾವು ಹೇಳಲಿಕ್ಕಿರುವ ಕಾಲದಲ್ಲಾದರೋ ಅದರ ಕರಾವಳಿಯ ಹಲವು ಭಾಗಗಳು ಹಾಲೆಂಡಿನವರ ಕೈಯಲ್ಲಿದ್ದವು. ಒಳನಾಡಿನ ಬೆಟ್ಟಗಳ ಬಹುಭಾಗವು ಇನ್ನೂ ಅವರ ಅಧೀನಕ್ಕೆ ಬಂದಿರಲಿಲ್ಲ. ಆ ಬೆಟ್ಟಗಳ ನಡುವೆ ತೋಬಾ ಎಂಬ ಮಹಾ ಸರೋವರವುಂಟು. ಅದರ ದಡಗಳಲ್ಲಿಯೂ ಅದರ ದಕ್ಷಿಣಕ್ಕಿರುವ ಸಿಲಿಂದುಂಗ್ ಎಂಬ ಕಣಿವೆಯಲ್ಲಿಯೂ ಬಾತಕ್ ಎಂಬ ಜನರು ಭತ್ತದ ಗದ್ದೆಗಳನ್ನು ಮಾಡಿಕೊಂಡು ವಾಸವಾಗಿದ್ದರು.

ಅವರ ಹಳ್ಳಿಗೆ ಹುತಾ ಎಂದು ಹೆಸರು. ಅದು ನಮ್ಮ ಹಳ್ಳಿಗಳ ಹಾಗೆ ಬಯಲಿಗೆ ತೆರೆದುಕೊಂಡಿರುವದಲ್ಲ. ಸುತ್ತಲೂ ಮಣ್ಣಿನ ದಿಬ್ಬದ ಕೋಟೆ. ಅದರ ಮೇಲೆ ನುಸುಳಲಾರದಷ್ಟು ಒತ್ತಾಗಿ ಬೆಳೆಸಿದ ಬಿದಿರುಮೆಳೆ. ಒಳಗೆ ಹೋಗುವದಕ್ಕೆ ಒಂದು ಇಕ್ಕಟ್ಟಾದ ಬಾಗಿಲು. ಒಳಗೆ ಕಂಬಗಳ ಮೇಲೆ ಎತ್ತಿ ಕಟ್ಟಿದ ಮನೆಗಳು ಎದುರುಬದುರಾಗಿ ನಿಂತಿರುವವು. ಮನೆಗಳ ಕೆಳಗೆ ಎಮ್ಮೆಗಳೂ ಹಂದಿಗಳೂ, ಮೇಲೆ ಹಲವು ಸಂಸಾರಗಳೂ ಒಟ್ಟಾಗಿ ಇರುವವು. ಇಂಥ ಕೋಟೆ ಯಾಕೆ ಬೇಕಾಗಿತ್ತೆಂದರೆ, ಹಳ್ಳಿಗೂ ಹಳ್ಳಿಗೂ ಕಾದಾಟವು ನಿಲ್ಲುತ್ತಿರಲಿಲ್ಲ. ಸಾಲ ಕೊಟ್ಟವನಿಗೆ ಸಾಲ ಹಿಂದಿರುಗದಿದ್ದರೆ, ಜೂಜಿನಲ್ಲಿ ಮೋಸವಾದರೆ, ಹೆಣ್ಣು ಕೊಡುವ ಮಾತಿನಲ್ಲಿ ತಪ್ಪಿದರೆ, ನ್ಯಾಯಕ್ಕೆ ಹೋಗತಕ್ಕ ಮೇಲಿನ ಅಧಿಕಾರಿ ಯಾರೂ ಇರಲಿಲ್ಲ. ನೊಂದವನು ಬಿದಿರಿನ ತುಂಡಿನ ಮೇಲೆ ತನ್ನ ದೂರನ್ನು ಕೆತ್ತಿ, ಇಂಥದ್ದನ್ನು ತೀರಿಸದಿದ್ದರೆ ಮನೆಗೆ ಬೆಂಕಿ ಇಡುವೆನೆಂದು ಬರೆದು, ವೈರಿಯ ಊರಿನ ಬಳಿಯಲ್ಲಿ ತೂಗಹಾಕುವನು. ಬಾತಕರಿಗೆ ತಮ್ಮದೇ ಆದ ಲಿಪಿ ಇತ್ತು. ಅದು ಇಂಥ ಕೆಲಸಕ್ಕೂ ಬಳಕೆಯಾಗುತ್ತಿತ್ತು. ಸಾಲ ತೀರಿಸಲಾರದವನು ಸಾಲಗಾರನ ಮನೆಯಲ್ಲಿ ಆಳಾಗುವನು, ಬಡ್ಡಿ ಬೆಳೆದ ಹಾಗೆ ಅವನ ದಾಸತ್ವವೂ ಬೆಳೆಯುವದು. ಸಂತೆಯ ದಿವಸದಲ್ಲಿ ಮಾತ್ರ ಯಾರೂ ಯಾರ ಮೇಲೂ ಕೈ ಎತ್ತಬಾರದೆಂದು ಕಟ್ಟುಪಾಡು ಇತ್ತು.

ಹೀಗಿರುವಲ್ಲಿ ಒಬ್ಬ ಮನುಷ್ಯನ ಪ್ರಾಣವೂ ಆಸ್ತಿಯೂ ಉಳಿಯುವದು ಯಾವದರಿಂದ? ಅವನ ಕುಲದಿಂದಲೇ. ಗದ್ದೆಯು ಹಿರಿಯರಿಂದ ಬಂದ ಕುಲದ ಸ್ವತ್ತು. ಪಿತೃಗಳಿಗೂ ಭೂತಗಳಿಗೂ ಆಗುವ ಬಲಿಯಲ್ಲಿ ಪಾಲು ಕೊಡುವವನಿಗೆ ಗದ್ದೆಯಲ್ಲಿ ಪಾಲುಂಟು, ಕೋಟೆಯೊಳಗೆ ಮನೆಯುಂಟು, ಕಷ್ಟ ಬಂದರೆ ಈಟಿ ಹಿಡಿದು ಬರುವ ಬಂಧುಗಳುಂಟು. ಬಲಿಗೆ ಪಾಲು ಕೊಡೆನೆಂದು ಹೇಳಿದವನು ಇವೆಲ್ಲವುಗಳಿಂದ ಒಂದೇ ದಿನದಲ್ಲಿ ಹೊರಗಾಗುವನು. ವಾಚಕರೇ, ಇದನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳದಿದ್ದರೆ ನೊಮ್ಮೆನ್ಸನ್‌ರವರು ಮಾಡಿದ ಕೆಲಸವು ಎಂಥದೆಂದು ತಿಳಿಯಲಾರದು. ಅವರು ಆ ಜನರಿಗೆ ಬೋಧಿಸಿದರೆಂದು ಹೇಳುವದು ಸುಲಭ. ಬೋಧನೆಯನ್ನು ಕೇಳಿದವನು ಆ ರಾತ್ರಿ ಎಲ್ಲಿ ಮಲಗಬೇಕೆಂಬದೇ ಅಲ್ಲಿನ ಪ್ರಶ್ನೆಯಾಗಿತ್ತು.

ಇಂಗ್ವರ್ ಲೂದ್ವಿಗ್ ನೊಮ್ಮೆನ್ಸನ್‌ರವರು 1834ನೇ ಫೆಬ್ರವರಿ 6ರಲ್ಲಿ ಉತ್ತರಸಮುದ್ರದಲ್ಲಿರುವ ನೋರ್ಡ್‌ಸ್ಟ್ರಾಂಡ್ ಎಂಬ ತಗ್ಗಾದ ದ್ವೀಪದಲ್ಲಿ ಹುಟ್ಟಿದರು. ಆಗ ಆ ದ್ವೀಪವು ಡೆನ್ಮಾರ್ಕಿನ ಅರಸನ ಕೈಕೆಳಗಿತ್ತು, ಈಗ ಜರ್ಮನಿಯದ್ದಾಗಿದೆ. ಅದೇ 1834ನೇ ವರುಷದ ಜೂನ್ ತಿಂಗಳಲ್ಲಿ ಮನ್ಸನ್, ಲೈಮನ್ ಎಂಬ ಇಬ್ಬರು ಅಮೇರಿಕದ ಮಿಶನರಿಗಳು ಸಿಲಿಂದುಂಗಿಗೆ ಹೋಗುವ ದಾರಿಯಲ್ಲಿ ಬಾತಕರಿಂದ ಕೊಲ್ಲಲ್ಪಟ್ಟರು. ಅದೇ ವರುಷ ಬಾಸೆಲ್ ಮಿಶನಿನ ಮೊದಲನೇ ಮೂವರು ನಮ್ಮ ಪಡುವಣ ಕರಾವಳಿಯಲ್ಲಿ ಇಳಿದು ಮಂಗಳೂರಿನಲ್ಲಿ ನೆಲೆಗೊಂಡರು.

ನೊಮ್ಮೆನ್ಸನ್‌ರ ತಂದೆಯು ರೋಗಿಯೂ ಬಡವನೂ ಆಗಿದ್ದನು. ಹುಡುಗನು ಚಿಕ್ಕಂದಿನಿಂದಲೇ ಬೇರೆಯವರ ಕುರಿಗಳನ್ನು ಕಾಯಬೇಕಾಯಿತು, ಮನೆಗಳ ಮಾಡಿಗೆ ಹುಲ್ಲು ಹೊದಿಸುವವರ ಕೈಕೆಳಗೆ ಕೆಲಸಮಾಡಬೇಕಾಯಿತು. ಹನ್ನೆರಡು ವರುಷದವನಾಗಿದ್ದಾಗ ಆಟವಾಡುವಲ್ಲಿ ಕುದುರೆಗಾಡಿಯು ಅವನ ಕಾಲುಗಳ ಮೇಲೆ ಹರಿಯಿತು. ಬಹುಕಾಲ ಹಾಸಿಗೆಯಲ್ಲಿಯೇ ಬಿದ್ದಿದ್ದನು. ಕಾಲನ್ನು ಕತ್ತರಿಸಬೇಕಾದೀತೆಂಬ ಮಾತೂ ಹುಟ್ಟಿತು. ಆಗ ತಾನು ನಡೆಯುವಂತಾದರೆ ದೂರದೇಶದಲ್ಲಿ ಸುವಾರ್ತೆಯನ್ನು ಸಾರುವೆನೆಂದು ಹುಡುಗನು ದೇವರಿಗೆ ಹರಕೆ ಮಾಡಿದನು. ಕಾಲುಗಳು ವಾಸಿಯಾದವು. ಆ ಮೇಲೆಯೂ ಹರಕೆಯನ್ನು ತೀರಿಸುವದಕ್ಕೆ ವರುಷಗಳು ಹಿಡಿದವು, ಯಾಕಂದರೆ ತಂದೆ ತೀರಿಹೋದದ್ದರಿಂದ ಮನೆಯ ಭಾರವು ಅವನ ಮೇಲೆ ಬಿತ್ತು. 1857ರಲ್ಲಿ ಬಾರ್ಮೆನ್ ಊರಿನ ರೈನ್ ಮಿಶನ್ ಶಾಲೆಗೆ ಸೇರಿದರು. 1861ರಲ್ಲಿ ಸಭಾಸೇವೆಗೆ ಹಸ್ತಾರ್ಪಣೆ ಹೊಂದಿ, ಆ ವರುಷದ ಕ್ರಿಸ್ಮಸ್ ಹಬ್ಬದ ಮುಂಚಿನ ದಿನ ಆಮ್‌ಸ್ಟರ್‌ಡಾಮಿನಿಂದ ಹಾಯಿಹಡಗಿನಲ್ಲಿ ಹೊರಟು, 1862ನೇ ಮೇ ತಿಂಗಳಲ್ಲಿ ಸುಮಾತ್ರದ ಪಾದಾಂಗ್ ರೇವಿನಲ್ಲಿ ಇಳಿದರು.

ಈ ರೈನ್ ಮಿಶನಿನವರು ಮೊದಲು ಬೋರ್ನಿಯೊ ದ್ವೀಪದಲ್ಲಿದ್ದರು. 1859ರಲ್ಲಿ ಅಲ್ಲಿ ಹಾಲೆಂಡಿನವರಿಗೆ ವಿರೋಧವಾಗಿ ದಂಗೆ ಎದ್ದಾಗ ಅವರ ಮಿಶನರಿಗಳಲ್ಲಿ ಹಲವರು ಹೆಂಡರು ಮಕ್ಕಳ ಸಹಿತವಾಗಿ ಹತರಾದದ್ದರಿಂದ, ಉಳಿದವರಿಗೆ ಬೇರೆ ಕ್ಷೇತ್ರವನ್ನು ನೋಡಬೇಕಾಗಿ ಬಂದಿತ್ತು. (ಆ ಬೋರ್ನಿಯೊ ಕ್ಷೇತ್ರವೇ ಮೊದಲನೇ ಮಹಾಯುದ್ಧದ ತರುವಾಯ ಬಾಸೆಲ್ ಮಿಶನಿನವರಿಗೆ ಒಪ್ಪಿಸಲ್ಪಟ್ಟಿತು.) 1861ನೇ ಅಕ್ಟೋಬರ್ 7ರಲ್ಲಿ ದಕ್ಷಿಣ ಬಾತಕ್ ಸೀಮೆಯ ಸಿಪಿರೋಕ್ ಎಂಬಲ್ಲಿ ನಾಲ್ವರು ಮಿಶನರಿಗಳು ಕೂಡಿ ಕೆಲಸವನ್ನು ಹಂಚಿಕೊಂಡಿದ್ದರು. ಅಲ್ಲಿ ಹಾಲೆಂಡಿನ ಸರಕಾರವಿತ್ತು. ನೊಮ್ಮೆನ್ಸನ್‌ರಿಗೆ ಆ ನೆರಳಿನಲ್ಲಿ ಇರುವದಕ್ಕೆ ಮನಸ್ಸಾಗಲಿಲ್ಲ. ಅವರು ಬಾರುಸ್ ಎಂಬ ರೇವಿನಲ್ಲಿ ಬಾತಕರ ಭಾಷೆಯನ್ನು ಕಲಿತು, ಸರಕಾರದವರು ಅಡ್ಡಿಮಾಡಿದರೂ ಬಿಡದೆ, 1863ರ ಕೊನೆಯಲ್ಲಿ ಸಿಲಿಂದುಂಗ್ ಕಣಿವೆಗೆ ಏರಿಹೋದರು.

ಅಲ್ಲಿ ಅವರಿಗೆ ಸ್ವಾಗತವಾಗಲಿಲ್ಲ. ಆ ಕಣಿವೆಯ ಮುದುಕರಿಗೆ ಪರಸ್ಥಳದವರೆಂದರೆ ಏನೆಂಬದು ನೆನಪಿತ್ತು. ಸುಮಾರು ನಾಲ್ವತ್ತು ವರುಷಗಳ ಹಿಂದೆ ದಕ್ಷಿಣದಿಂದ ಬಂದ ಪಾದ್ರಿ ಎಂಬ ಮುಸಲ್ಮಾನ ಪಂಗಡದ ದಂಡು ಊರುಗಳನ್ನು ಸುಟ್ಟು ಜನರನ್ನು ಸೆರೆಯೊಯ್ದಿತ್ತು. (ಈ ಹೆಸರಿಗೂ ನಮ್ಮ ಪಾದ್ರಿಗಳಿಗೂ ಸಂಬಂಧವಿಲ್ಲ.) ಬಿಳಿಯರನ್ನು ಬಾತಕರು ಬಿಳಿಗಣ್ಣಿನವರೆಂಬ ಅರ್ಥದಲ್ಲಿ ಸಿಬೊಂತಾರ್ ಮಾತಾ ಎಂದು ಕರೆಯುತ್ತಿದ್ದರು. ಇವನಿಗೆ ನೆಲ ಕೊಟ್ಟರೆ ಪಿತೃಗಳು ಮುನಿಯುವರು, ಇವನ ಹಿಂದೆ ಕಂಪೆನಿಯ ಸಿಪಾಯಿಗಳು ಬರುವರು, ಎಂದು ಕಣಿವೆಯ ರಾಜರು ಹೇಳಿದರು. ರಾಜರೆಂದರೆ ಅರಮನೆಯವರಲ್ಲ, ಒಂದೊಂದು ಹುತಾದ ಯಜಮಾನರು. ಅವರ ಎರಡನೇ ಮಾತನ್ನು ವಾಚಕರು ಮರೆಯದಿರಲಿ.

ನೊಮ್ಮೆನ್ಸನ್‌ರವರು ಹೋಗೆಂದರೂ ಹೋಗಲಿಲ್ಲ. ಜಗುಲಿಯಲ್ಲಿ ಕೂತು ಮಾತಾಡುವರು. ಹುಣ್ಣುಗಳನ್ನು ತೊಳೆದು ಮದ್ದು ಹಚ್ಚುವರು. ಬೈದವರಿಗೆ ನಗುತ್ತಾ ಉತ್ತರ ಕೊಡುವರು. ಇವರಲ್ಲಿದ್ದ ದೊಡ್ಡ ವರವು ತಾಳ್ಮೆಯೇ ಎಂದು ನನಗೆ ತೋರುತ್ತದೆ. 1864ನೇ ಸೆಪ್ಟೆಂಬರ್ 23ರಲ್ಲಿ ಸಿಯಾತಾಸ್ ಬಾರಿತಾ ಎಂಬ ಬೆಟ್ಟದ ಭೂತಕ್ಕೆ ದೊಡ್ಡ ಬಲಿಯಾಯಿತು. ಮೈಮೇಲೆ ಬಂದವನ ಬಾಯಿಂದ, ಈ ಸಲ ಎಮ್ಮೆ ಸಾಲದು, ನರಬಲಿ ಬೇಕೆಂಬ ಮಾತು ಹೊರಟು ಎಲ್ಲರ ಕಣ್ಣುಗಳೂ ಬಿಳಿಯನ ಕಡೆಗೆ ತಿರುಗಿದವೆಂದೂ, ಅವರು ಎದ್ದುನಿಂತು ಯಾವ ಅಜ್ಜನೂ ತನ್ನ ಮೊಮ್ಮಕ್ಕಳ ರಕ್ತವನ್ನು ಬಯಸನು, ಆದದರಿಂದ ಮಾತಾಡಿದ್ದು ಅಜ್ಜನ ಆತ್ಮವಲ್ಲವೆಂದು ಹೇಳಿದರೆಂದೂ, ಬಳಿಕ ಬಿರುಗಾಳಿ ಮಳೆಯು ಸುರಿದು ಜನರು ಚೆದರಿಹೋದರೆಂದೂ ಬಾತಕ್ ಸಭೆಯವರು ತಮ್ಮ ಮಕ್ಕಳಿಗೆ ಹೇಳಿಕೊಡುತ್ತಾ ಬಂದಿದ್ದಾರೆ.

ಆದರೆ ನನ್ನ ಎಣಿಕೆಯಲ್ಲಿ ಈ ಪ್ರಸಂಗಕ್ಕಿಂತಲೂ ದೊಡ್ಡದು ಅದೇ ವರುಷದಲ್ಲಿ ಸದ್ದಿಲ್ಲದೆ ನಡೆದ ಬೇರೊಂದು ಕೆಲಸ. ಅವರ ಮಾತನ್ನು ಕೇಳಿ ಭೂತಬಲಿಯನ್ನು ಬಿಟ್ಟ ಕೆಲವರನ್ನು ಬಂಧುಗಳು ಊರ ಬಾಗಿಲಿನಿಂದ ಹೊರಗೆ ಹಾಕಿದರು. ಗದ್ದೆ ಹೋಯಿತು, ಮನೆ ಹೋಯಿತು, ಪಿತ್ರಾರ್ಜಿತದ ಹಕ್ಕೂ ಹೋಯಿತು. ಕೋಟೆಯ ಹೊರಗೆ ಒಂಟಿಯಾಗಿರುವವನನ್ನು ಯಾರೂ ಹಿಡಿಯಬಹುದು, ಮಾರಬಹುದು, ಕೊಲ್ಲಲೂಬಹುದು; ಅವನ ಪರವಾಗಿ ಕೇಳುವವರಿಲ್ಲ. ಆಗ ನೊಮ್ಮೆನ್ಸನ್‌ರವರು ಕಣಿವೆಯಲ್ಲಿ ಸ್ವಲ್ಪ ನೆಲವನ್ನು ಪಡಕೊಂಡು, ಆ ಹೊರಹಾಕಲ್ಪಟ್ಟವರಿಗಾಗಿ ಒಂದು ಹೊಸ ಹಳ್ಳಿಯನ್ನು ಕಟ್ಟಿದರು. ಅದಕ್ಕೆ ಹುತಾ ದಾಮೆ ಎಂದು ಹೆಸರಿಟ್ಟರು. ದಾಮೆ ಎಂದರೆ ಸಮಾಧಾನ.

ಸಮಾಧಾನದ ಊರಿನಲ್ಲಿ ಮೊದಲು ಇದ್ದದ್ದು ಬಡತನವೇ. ಅಲ್ಲಿ ಒಂದು ಪ್ರಾರ್ಥನಾಮಂದಿರ, ಒಂದು ಶಾಲೆ, ಕೆಲವು ಗುಡಿಸಲುಗಳು. ಬೇರೆ ಬೇರೆ ಊರುಗಳಿಂದ ಬಂದವರು. ಒಬ್ಬರ ಕುಲವು ಇನ್ನೊಬ್ಬರ ಕುಲದೊಂದಿಗೆ ಹಗೆಯಲ್ಲಿದ್ದದ್ದೂ ಇದ್ದೀತು. ಅವರಿಗೆ ಕುಲದ ನಂಟು ಹೋಗಿತ್ತಾದದರಿಂದ ಸಭೆಯೇ ಕುಲವಾಗಬೇಕಾಯಿತು. ಒಬ್ಬರ ಕಾಯಿಲೆಯನ್ನು ಇನ್ನೊಬ್ಬರು ನೋಡಬೇಕು, ಜಗಳವನ್ನು ಈಟಿಯಿಂದಲ್ಲ, ಹಿರಿಯರ ಮುಂದೆ ಮಾತಿನಿಂದ ತೀರಿಸಬೇಕು, ಜೂಜಿಲ್ಲ. 1865ನೇ ಆಗಸ್ಟ್ 27ರಲ್ಲಿ ನಾಲ್ಕು ಮಂದಿ ಗಂಡಸರು, ಅವರ ಹೆಂಡಂದಿರು, ಐದು ಮಂದಿ ಮಕ್ಕಳು, ಒಟ್ಟು ಹದಿಮೂರು ಮಂದಿ ದೀಕ್ಷಾಸ್ನಾನ ಹೊಂದಿದರು. ಸಿಲಿಂದುಂಗಿನಲ್ಲಿ ಇವರೇ ಮೊದಲಿಗರು.

ನಮ್ಮ ನಾಡಿನವರಿಗೆ ಇದು ಕೇಳದ ಸಂಗತಿಯಲ್ಲ. ಕೊಡಗಿನಲ್ಲಿ ಮೋಗ್ಲಿಂಗ್‌ರವರು ಜೀತದಿಂದ ಬಂದ ಹೊಲೆಯರಿಗಾಗಿ ಆನಂದಪುರವನ್ನು ಕಟ್ಟಿದ್ದು ಇದಕ್ಕೆ ಕೆಲವೇ ವರುಷಗಳ ಮುಂಚೆ. ಸಿಲಿಂದುಂಗಿನಲ್ಲಿ ಮೊದಲನೇ ದೀಕ್ಷಾಸ್ನಾನವಾದ 1865ರಲ್ಲಿಯೇ ಮಂಗಳೂರಿನ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆಯು ಶುರುವಾಯಿತು; ಅದಕ್ಕೂ ಕಾರಣವು ಅದೇ ಸಂಕಟ. ಮತವನ್ನು ಬಿಟ್ಟವನಿಗೆ ಧಣಿಯು ಹೊಲವನ್ನು ಬಿಡಿಸಿದರೆ, ಕುಲಕಸಬೂ ನಿಂತುಹೋದರೆ, ಅವನು ಉಣ್ಣುವದು ಹೇಗೆ? ಇಲ್ಲಿ ಮಗ್ಗವೂ ಹಂಚೂ ಉತ್ತರವಾದವು, ಅಲ್ಲಿ ಬಿದಿರುಮೆಳೆಯ ನಡುವಿನ ಒಂದು ತುಂಡು ನೆಲ.

ಹೀಗೆ ಬೇರೆಯಾದ ಊರು ಕಟ್ಟುವದರಲ್ಲಿ ಒಂದು ಕುಂದೂ ಇತ್ತು. ನಂಬಿದವರೆಲ್ಲರೂ ಹಳೆಯ ಊರನ್ನು ಬಿಟ್ಟು ಇಲ್ಲಿಗೆ ಬಂದರೆ ಕುಲಕ್ಕೂ ಸಭೆಗೂ ನಡುವೆ ಗೋಡೆ ಏಳುವದು, ಕ್ರೈಸ್ತನೆಂದರೆ ಬಾತಕನಲ್ಲದವನೆಂದು ಎಣಿಸುವರು. ನೊಮ್ಮೆನ್ಸನ್‌ರು ರಾಜರ ಸ್ನೇಹವನ್ನು ಬಿಡದೆ ಬೆಳೆಸಿದ್ದರಿಂದ ಈ ಗೋಡೆ ಎತ್ತರವಾಗಲಿಲ್ಲ. ಪೆಯರಾಜ ಎಂಬ ಊರಿನ ರಾಜಾ ಪೊಂತಾಸ್ ಲುಂಬನ್‌ತೋಬಿಂಗ್ ಎಂಬವನು ದೂರದೃಷ್ಟಿಯುಳ್ಳವನು. ಇವನು ತನ್ನ ಮನೆಯವರೊಂದಿಗೆ ದೀಕ್ಷಾಸ್ನಾನ ಹೊಂದಿದ ಮೇಲೆ ಅನೇಕರು ತಮ್ಮ ಗದ್ದೆಯನ್ನೂ ಮನೆಯನ್ನೂ ಬಿಡದೆಯೇ ಕ್ರೈಸ್ತರಾಗುವಂತಾಯಿತು. ನೊಮ್ಮೆನ್ಸನ್‌ರೂ ಕೆಲವು ವರುಷಗಳ ತರುವಾಯ ತಗ್ಗಿನಲ್ಲಿದ್ದ ಹುತಾ ದಾಮೆಯಿಂದ ಎತ್ತರದ ಪೆಯರಾಜಕ್ಕೆ ಮನೆಯನ್ನು ಬದಲಾಯಿಸಿದರು. ಅಲ್ಲಿಂದ ಮುಂದೆ ಸಭೆಯು ಹುತಾದ ಒಳಗೇ ಬೆಳೆಯಿತು. ಊರಿಗೊಬ್ಬ ಗುರು, ಊರಿಗೆ ಸಭಾಹಿರಿಯರು, ಊರಿಗೊಂದು ಶಾಲೆ. 1877ರಲ್ಲಿ ಪಾನ್ಸುರ್ ನಾಪಿತು ಎಂಬಲ್ಲಿ ಉಪದೇಶಿಗಳನ್ನು ತರಬೇತು ಮಾಡುವ ಶಾಲೆಯು ತೆರೆಯಲ್ಪಟ್ಟಿತು. ಹೊಸ ಒಡಂಬಡಿಕೆಯನ್ನು ನೊಮ್ಮೆನ್ಸನ್‌ರೇ ತೋಬಾ ಬಾತಕ್ ಭಾಷೆಗೆ ತಿರುಗಿಸಿದರು. ಅದು 1878ರಲ್ಲಿ ಹೊರಬಂತು. ಅವರ ಪತ್ನಿ ಕರೋಲೀನ್ ಗುಟ್‌ಬ್ರೋಡ್‌ರವರು 1866ರಲ್ಲಿ ಸಮುದ್ರ ದಾಟಿ ಬಂದು ಸಿಬೋಲ್ಗಾ ರೇವಿನಲ್ಲಿ ಇವರನ್ನು ಮದುವೆಯಾಗಿ, ಆ ಬೆಟ್ಟಗಳಲ್ಲಿ ಸಂಸಾರ ಮಾಡಿದವರು. ಹೆತ್ತ ಕೂಸುಗಳನ್ನು ಅಲ್ಲಿನ ಮಣ್ಣಿಗೆ ಒಪ್ಪಿಸಿದ ಆಕೆಯ ಪಾಡು ಗಂಡನ ಪಾಡಿಗಿಂತ ಕಡಿಮೆಯಾದದ್ದಲ್ಲ.

ಈಗ 1878ರ ಸಂಗತಿಯನ್ನು ಹೇಳಬೇಕು. ಹಿಂದಿನ ಕಾಲದ ಮಿಶನ್ ಪುಸ್ತಕಗಳಲ್ಲಿ ಇದನ್ನು ಬೇಗನೆ ದಾಟಿಬಿಡುವದುಂಟು. ಆದರೆ ಮಿಶನಿನ ಹಳೆಯ ಕಾಗದಪತ್ರಗಳನ್ನು ಈಚಿನ ವಿದ್ವಾಂಸರು ಓದಿ ನೋಡಿದ್ದಾರಾದದರಿಂದ ಮುಚ್ಚಿಡುವದರಿಂದ ಪ್ರಯೋಜನವಿಲ್ಲ, ಮುಚ್ಚಿಡುವದು ನಮಗೆ ತಕ್ಕದ್ದೂ ಅಲ್ಲ. ತೋಬಾ ಸರೋವರದ ತೆಂಕಣ ದಡದಲ್ಲಿ ಬಾಕ್ಕಾರಾ ಎಂಬಲ್ಲಿ ಬಾತಕರ ಯಾಜಕರಾಜನು ಇದ್ದನು. ಅವನಿಗೆ ಸಿ ಸಿಂಗಮಂಗರಾಜನೆಂದು ಹೆಸರು. ಆ ಪೀಠದಲ್ಲಿ ಹನ್ನೆರಡನೆಯವನು. ಮಿಶನರಿಗಳು ಸಿಲಿಂದುಂಗಿನಿಂದ ಉತ್ತರಕ್ಕೆ ಬಾಹಾಲ್ ಬಾತು ಎಂಬ ಎತ್ತರದ ಸ್ಥಳದಲ್ಲಿಯೂ ಠಾಣೆ ಹೂಡಿದಾಗ, ಈ ರಾಜನು ಆಚೆಯ್‌ದವರನ್ನು ಕೂಡಿಕೊಂಡು ಕ್ರೈಸ್ತರನ್ನು ಕಡಿದುಹಾಕಲು ಬರುತ್ತಾನೆಂಬ ಸುದ್ದಿ ಹಬ್ಬಿತು. ಸಭೆಯವರಿಗೆ ಪ್ರಾಣಭಯ ಹಿಡಿಯಿತು. ಆಗ ನೊಮ್ಮೆನ್ಸನ್‌ರೂ ಜೊತೆಯವರೂ ಹಾಲೆಂಡಿನ ಸರಕಾರದವರಿಂದ ದಂಡಿನ ಸಹಾಯವನ್ನು ಕೇಳಿದರು.

ದಂಡು 1878ರ ಆರಂಭದಲ್ಲಿ ಬಂತು. ರಾಜನು ಯುದ್ಧವನ್ನು ಸಾರಿದನು. ತರುವಾಯದ ತಿಂಗಳುಗಳಲ್ಲಿ ಹಾಲೆಂಡಿನ ದಂಡು ಸಿಲಿಂದುಂಗಿನಿಂದ ಸರೋವರದ ತನಕ ಹೋಗಿ, ಎದುರಿಸಿದ ಹುತಾಗಳಿಗೆ ಬೆಂಕಿ ಇಟ್ಟಿತು. ಸುಟ್ಟುಹೋದ ಊರುಗಳು ಹತ್ತಾರು. ಈಟಿ ಕೋವಿಗಳನ್ನು ತಡೆದ ಬಿದಿರುಕೋಟೆಯು ಫಿರಂಗಿಯನ್ನು ತಡೆಯಲಾರದಾಯಿತು. ನೊಮ್ಮೆನ್ಸನ್‌ರೂ ಸಿಮೊನೈಟ್ ಎಂಬ ಇನ್ನೊಬ್ಬ ಮಿಶನರಿಯೂ ದುಭಾಷಿಗಳಾಗಿ ದಂಡಿನೊಂದಿಗೆ ನಡೆದರು. ಊರಿನವರು ಮೊದಲೇ ಶರಣಾದರೆ ಮನೆಗಳು ಉಳಿದಾವೆಂದು ಅವರು ಮುಂದಾಗಿ ಹೋಗಿ ಬೇಡಿಕೊಂಡರು, ಇದರಿಂದ ಕೆಲವು ಊರುಗಳು ಉಳಿದವು ಎಂಬದೂ ನಿಜ. ವರುಷದ ಕೊನೆಯಲ್ಲಿ ಸರಕಾರವು ಅವರಿಗೆ ಉಪಕಾರ ಹೇಳಿ ಸಾವಿರ ಗಿಲ್ಡರ್ ಹಣವನ್ನು ಕೊಟ್ಟಿತೆಂಬದೂ ನಿಜ. ಅಂದಿನಿಂದ ಸಿಲಿಂದುಂಗ್ ಹಾಲೆಂಡಿನವರ ಸೀಮೆಯಾಯಿತು. ಇವನ ಹಿಂದೆ ಸಿಪಾಯಿಗಳು ಬರುವರೆಂದು 1863ರಲ್ಲಿ ರಾಜರು ಹೇಳಿದ ಮಾತು ಹದಿನಾಲ್ಕು ವರುಷಗಳ ಮೇಲೆ ಫಲಿಸಿತು.

ಇದರಲ್ಲಿ ಅವರನ್ನು ಹೇಗೆ ತೂಗಬೇಕು? ಹುತಾ ದಾಮೆಯ ಹೆಂಗಸರು ಮಕ್ಕಳ ಪ್ರಾಣವು ಅವರ ಕೈಯಲ್ಲಿತ್ತು. ಅವರಲ್ಲಿ ಕೋವಿ ಇರಲಿಲ್ಲ, ಕಾದಾಡುವ ಕುಲವೂ ಇರಲಿಲ್ಲ. ಅಂಥವರನ್ನು ಬಿಟ್ಟು ಸುಮ್ಮನಿರಬೇಕಾಗಿತ್ತೆಂದು ದೂರದಲ್ಲಿ ಕೂತವನು ಹೇಳಬಾರದು. ಆದರೂ ಸುಟ್ಟ ಹುತಾಗಳಲ್ಲಿದ್ದ ಹೆಂಗಸರಿಗೂ ಮಕ್ಕಳಿಗೂ ಅವೇ ಮನೆಗಳು, ಅವೇ ಕಣಜಗಳು. ಸಭೆಯನ್ನು ಉಳಿಸಲು ಸರಕಾರವನ್ನು ಕರೆದದ್ದು ಒಂದು. ಅದರ ದಂಡಿನೊಂದಿಗೆ ನಡೆದು ಇನಾಮನ್ನು ತೆಗೆದುಕೊಂಡದ್ದು ಇನ್ನೊಂದು. ಮೊದಲನೇದಕ್ಕೆ ಕಾರಣವು ನನಗೆ ಕಾಣುತ್ತದೆ, ಎರಡನೇದಕ್ಕೆ ಕಾಣುವದಿಲ್ಲ.

ಆ ಮೇಲೆ ಊರೂರುಗಳ ಕಾದಾಟವು ನಿಂತದ್ದರಿಂದ ಕೋಟೆಯ ಬಾಗಿಲುಗಳು ತೆರೆದವು. ಜನರು ಈಟಿ ಇಲ್ಲದೆ ಗದ್ದೆಗೆ ಹೋದರು. ಸಾಲಕ್ಕಾಗಿ ಆಳಾಗುವ ಪದ್ಧತಿಯೂ ಕ್ರಮೇಣ ಅಳಿಯಿತು. ಸಭೆಗೆ ಜನರು ಸಾವಿರಗಟ್ಟಲೆ ಬಂದರು. 1881ರಲ್ಲಿ ನೊಮ್ಮೆನ್ಸನ್‌ರು ಎಫೊರಸ್, ಅಂದರೆ ಸಭೆಗಳ ಮೇಲ್ವಿಚಾರಕರಾಗಿ ನೇಮಿಸಲ್ಪಟ್ಟರು. 1885ರಲ್ಲಿ ಬಾತಕರಲ್ಲಿಯೇ ಮೂವರು ಮೊದಲನೇ ಪಾದ್ರಿಗಳಾದರು. ಸ್ವಂತ ಜನರಿಂದ ಬಂದ ಗುರುಗಳೂ ಹಿರಿಯರೂ ಇಲ್ಲದಿದ್ದರೆ ಅಷ್ಟು ಊರುಗಳನ್ನು ಬೆರಳೆಣಿಕೆಯ ಯೂರೋಪಿನವರು ನೋಡಿಕೊಳ್ಳುವದು ಆಗದ ಮಾತು. ಇದನ್ನು ನೊಮ್ಮೆನ್ಸನ್‌ರು ಮೊದಲಿಂದಲೂ ಬಲ್ಲವರಾಗಿದ್ದರು. 1900ರಲ್ಲಿ ಲಾಗುಬೋತಿಯ ಹತ್ತಿರ ಕುಷ್ಠರೋಗಿಗಳಿಗಾಗಿ ಒಂದು ಹಳ್ಳಿಯು ಕಟ್ಟಲ್ಪಟ್ಟಿತು. ರೋಗದ ನಿಮಿತ್ತ ಊರ ಬಾಗಿಲಿನಿಂದ ಹೊರಗಾದವರಿಗೆ ಅಲ್ಲಿ ಮನೆಯೂ ತೋಟವೂ ದೊರಕಿದವು. ಅದರ ಹೆಸರು ಹುತಾ ಸಾಲೆಮ್. ಅದರ ಅರ್ಥವೂ ಸಮಾಧಾನದ ಊರೆಂದೇ.

ವಯಸ್ಸಾದ ಮೇಲೆಯೂ ನೊಮ್ಮೆನ್ಸನ್‌ರು ಮುಂದೆ ಮುಂದೆಯೇ ಹೋದರು. ಸುಮಾರು ಅರುವತ್ತರ ವಯಸ್ಸಿನಲ್ಲಿ ಸರೋವರದ ಬಳಿಯ ಸಿಗುಂಪಾರ್ ಎಂಬ ಊರಲ್ಲಿ ಮನೆ ಮಾಡಿದರು. ಕರೋಲೀನ್‌ರವರು 1887ರಲ್ಲಿ ಜರ್ಮನಿಯಲ್ಲಿ ತೀರಿಹೋಗಿದ್ದರು. 1892ರಲ್ಲಿ ಕ್ರಿಸ್ಟೀನ್ ಹಾರ್ಡರ್ ಎಂಬವರನ್ನು ಮದುವೆಯಾದರು, ಅವರೂ 1909ರಲ್ಲಿ ಗಂಡನಿಗಿಂತ ಮುಂಚೆಯೇ ತೀರಿದರು. 1904ರಲ್ಲಿ ಬಾನ್ ವಿದ್ಯಾಪೀಠದವರು ದೇವಶಾಸ್ತ್ರದ ಡಾಕ್ಟರ್ ಪದವಿಯನ್ನು ಕೊಟ್ಟು ಗೌರವಿಸಿದರು. ಕುರಿ ಕಾಯುತ್ತಿದ್ದ ನೋರ್ಡ್‌ಸ್ಟ್ರಾಂಡಿನ ಹುಡುಗನಿಗೆ ಇದು ಸಣ್ಣದಲ್ಲ. ಆದರೆ ಬಾತಕರು ಅವರನ್ನು ಅಜ್ಜನೆಂಬ ಅರ್ಥದಲ್ಲಿ ಓಂಪುಯಿ ಎಂದು ಕರೆಯುತ್ತಿದ್ದದ್ದೇ ಹೆಚ್ಚಿನದು. ಮೂವತ್ತು ವರುಷ ಕಾಡುಮೇಡುಗಳಲ್ಲಿ ಹೋರಾಡಿದ ಸಿ ಸಿಂಗಮಂಗರಾಜನು 1907ನೇ ಜೂನ್ 17ರಲ್ಲಿ ಹಾಲೆಂಡಿನ ಸಿಪಾಯಿಗಳಿಂದ ಹತನಾದನು. ಜೊತೆಯಲ್ಲಿ ಅವನ ಮಗಳೂ ಇಬ್ಬರು ಗಂಡುಮಕ್ಕಳೂ ಹತರಾದರು.

1918ನೇ ಮೇ 23ರಲ್ಲಿ ನೊಮ್ಮೆನ್ಸನ್‌ರು ಸಿಗುಂಪಾರಿನಲ್ಲಿ ತೀರಿಕೊಂಡರು. ಅವರಿಗೆ 84 ವರುಷ. ಆ ಹೊತ್ತಿಗೆ ಬಾತಕ್ ಸಭೆಗಳಲ್ಲಿ ಸುಮಾರು 1,80,000 ಮಂದಿ ಇದ್ದರು. 1930ರಲ್ಲಿ ಅವರ ಸಭೆಯು ಸ್ವತಂತ್ರವಾಯಿತು. 1940ರಲ್ಲಿ ಯುದ್ಧದ ನಿಮಿತ್ತ ಜರ್ಮನ್ ಮಿಶನರಿಗಳೆಲ್ಲರೂ ಸೆರೆಯಾದಾಗ ಬಾತಕರು ತಮ್ಮವರಲ್ಲೇ ಒಬ್ಬರನ್ನು ಎಫೊರಸ್ ಆಗಿ ಆರಿಸಿಕೊಂಡು ಸಭೆಯನ್ನು ನಡಿಸಿದರು.

ಇಂಡೊನೇಸಿಯ ಸರಕಾರವು 1961ರಲ್ಲಿ ಸಿ ಸಿಂಗಮಂಗರಾಜನನ್ನು ದೇಶವೀರನೆಂದು ಸಾರಿತು. ಅವನ ಎಲುಬುಗಳನ್ನು ಅದಕ್ಕೆ ಮುಂಚೆಯೇ, 1953ರಲ್ಲಿ, ಸರೋವರದ ದಡದ ಬಾಲಿಗೆ ಊರಿಗೆ ತಂದು ಹೂಳಿದ್ದರು. ಬಾಲಿಗೆಯಿಂದ ಸಿಗುಂಪಾರಿಗೆ ದೂರವಿಲ್ಲ. ಒಂದೇ ರಸ್ತೆ, ಎರಡು ಬದಿಗಳಲ್ಲಿಯೂ ಭತ್ತದ ಗದ್ದೆಗಳು. ಬಾತಕರು ಆ ಸಮಾಧಿಗೂ ಹೋಗುತ್ತಾರೆ, ಈ ಸಮಾಧಿಗೂ ಹೋಗುತ್ತಾರೆ.